ಮರಳುದ್ವೀಪದಲ್ಲಿ ಮರೆಯಾದವರು

ಬೇಸಿಗೆ ಬಂತೆಂದರೆ ಉತ್ತರ ಕ್ಯಾರೊಲೈನಾದ ಕಡಲ ತೀರಕ್ಕೆ ಹೋಗಿಬರುವುದು ನಮ್ಮ ಕೂಟದ ಅನೇಕ ಕುಟುಂಬಗಳಿಗೆ ರೂಢಿಯಾಗಿಬಿಟ್ಟಿದೆ. ನಾಲ್ಕೈದು ಮನೆಯವರು ಸೇರಿ ಒಂದು ದೊಡ್ಡ ಬಾಡಿಗೆ ಮನೆ ಹಿಡಿಯುವುದು, ಅಕ್ಕಿ, ಕುಕ್ಕರು, ಪುಳಿಯೋಗರೆ ಗೊಜ್ಜಿನ ಸಮೇತ ವ್ಯಾನು ತುಂಬುವುದು, 1903ರಲ್ಲಿ ರೈಟ್ ಸಹೋದರರು ವಿಮಾನ ಹಾರಿಸಿದ ಮರಳುದಿಣ್ಣೆಯ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುವುದು. ಇಷ್ಟಾದರೆ ಪ್ರವಾಸ ಸಾರ್ಥಕ. ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆಯೊಳಗೆ ರೋನೋಕ್ ದ್ವೀಪ ಸಿಗುತ್ತದೆಂದು ನಕ್ಷೆಯಲ್ಲಿ ಎಷ್ಟೋ ಸಲ ನೋಡಿದ್ದರೂ ಅತ್ತ ತಲೆ ಹಾಕಿರಲಿಲ್ಲ. ಒಮ್ಮೆ ಮಳೆ ಹಿಡಿದು ಸಮುದ್ರಕ್ಕೆ ಇಳಿಯುವ ಹಾಗಿಲ್ಲವಾದಾಗ, ಮನೆಯೊಳಗೆ ಮಕ್ಕಳ ಗಲಾಟೆ ತಾಳಲಾರದೆ, ಅಲ್ಲಿನ ಫೋರ್ಟ್ ರ್‍ಯಾಲಿ ಐತಿಹಾಸಿಕ ಸ್ಥಳಕ್ಕೆ ಹೊರಟೆವು.

ಹೇಳಿಕೊಳ್ಳುವಂಥ ಕೋಟೆಯೇನಲ್ಲ. ನಮ್ಮ ಚಿತ್ರದುರ್ಗವನ್ನು ಕಂಡವರಿಗೆ ನಗು ಬರಬಹುದು. ಪೈನ್ ಮರಗಳ ನಡುವೆ ಹುಲ್ಲು ಬೆಳೆದ ಒಂದು ಮಣ್ಣಿನ ದಿಬ್ಬ, ಸುತ್ತ ಒಂದು ಕಿರಿದಾದ ಕಂದಕ. ಆದರೆ ಈ ದೇಶದಲ್ಲಿ ಇಂಗ್ಲೀಷರು ಸಂಸಾರ ಸಮೇತ ಮನೆ ಹೂಡಲು ಮೊದಲು ಹೊರಟದ್ದು ಈ ದ್ವೀಪದಲ್ಲಿ. ಬಂದವರೆಲ್ಲ ಮೂರೇ ವರ್ಷದಲ್ಲಿ ಕಾಣದಾದರು. ಆ ಕಥೆ ಕೇಳಿದ ಮೇಲೆ ನಮ್ಮ ಗುಂಪಿನ ಹತ್ತು ವರ್ಷದ ಹುಡುಗಿಯೊಬ್ಬಳು ಕೇಳಿದಳು: 'ಎಲ್ಲಿಗೆ ಹೋಗ್ತೀವಿ ಅಂತ ಬರೆದಿಟ್ಟೇ ಹೋಗಿದಾರಲ್ಲ, ಮತ್ತೆ ಕಳೆದುಹೋದರು ಅಂತ ಯಾಕೆ ಹೇಳ್ತಾರೆ?' ಅಷ್ಟು ಜನ ದೊಡ್ಡವರಿದ್ದೆವು, ಒಬ್ಬರಿಗೂ ಉತ್ತರ ಹೊಳೆಯಲಿಲ್ಲ. ಊರಿಗೆ ಮರಳಿದ ಮೇಲೆ ಲೈಬ್ರರಿಯ ಪುಸ್ತಕಗಳನ್ನು ತಂದು ಓದಿ, ವಾರಾಂತ್ಯದ ಊಟಗಳಲ್ಲಿ ಚರ್ಚಿಸಿ ತಿಳಿದುಕೊಂಡದ್ದನ್ನು ಸ್ಮರಣ ಸಂಚಿಕೆಯ ಓದುಗರ ಮುಂದಿಡುತ್ತಿದ್ದೇವೆ.

ಹದಿನಾರನೆಯ ಶತಮಾನದ ಕೊನೆಯ ಭಾಗ. ಅಮೆರಿಕದ ಬೆಳ್ಳಿ ಬಂಗಾರವೆಲ್ಲ ಸ್ಪೇನಿನ ಹಡಗುಗಳಲ್ಲಿ ಸಾಗುತ್ತಿದ್ದ ಕಾಲ. ಇಂಗ್ಲೆಂಡು ಆಗಿನ್ನೂ ಬಡ ದೇಶ; ಆದರೆ ಆಸೆಗೆ ಬಡತನವಿರಲಿಲ್ಲ. ಹಂಫ್ರಿ ಗಿಲ್ಬರ್ಟ್ ಎಂಬಾತ ಹೊಸ ಭೂಮಿಯಲ್ಲಿ ವಸಾಹತು ಹೂಡಲು ಎಲಿಜಬೆತ್ ರಾಣಿಯಿಂದ ಸನ್ನದು ಪಡೆದು, 1583ರಲ್ಲಿ ಸಮುದ್ರದ ಪಾಲಾದ. ಅವನ ಮಲತಮ್ಮ ವಾಲ್ಟರ್ ರ್‍ಯಾಲಿ 1584ರ ಮಾರ್ಚಿನಲ್ಲಿ ಅಂಥದೇ ಸನ್ನದನ್ನು ತನ್ನ ಹೆಸರಿಗೆ ಪಡೆದ. ಏಪ್ರಿಲ್ 27ರಂದು ಅವನ ಎರಡು ಹಡಗುಗಳು ಫಿಲಿಪ್ ಅಮಡಾಸ್ ಮತ್ತು ಆರ್ಥರ್ ಬಾರ್ಲೊ ಎಂಬಿಬ್ಬರ ಮುಂದಾಳತ್ವದಲ್ಲಿ ಹೊರಟವು.

ಇಲ್ಲೊಂದು ಮಾತನ್ನು ಕನ್ನಡಿಗರಾಗಿ ನಾವು ಹೇಳದೆ ಇರಲಾರೆವು. ಅದೇ ಏಪ್ರಿಲ್ ತಿಂಗಳಲ್ಲಿ ಬೇರೆ ಮೂವರು ಇಂಗ್ಲೀಷರು ನಮ್ಮ ನಾಡಿನ ಬಿಸಿಲಲ್ಲಿ ನಡೆಯುತ್ತಿದ್ದರು. ರಾಲ್ಫ್ ಫಿಚ್, ಜಾನ್ ನ್ಯೂಬೆರಿ ಮತ್ತು ವಿಲಿಯಂ ಲೀಡ್ಸ್ ಎಂಬ ಈ ವ್ಯಾಪಾರಿಗಳನ್ನು ಪೋರ್ಚುಗೀಸರು ಹೊರ್ಮುಜ್‌ನಲ್ಲಿ ಹಿಡಿದು ಗೋವೆಯ ಸೆರೆಮನೆಗೆ ತಳ್ಳಿದ್ದರು. ಜಾಮೀನಿನ ಮೇಲೆ ಹೊರಬಂದವರು ಸದ್ದಿಲ್ಲದೆ ಊರು ಬಿಟ್ಟು, ಘಟ್ಟ ಹತ್ತಿ ಆದಿಲ್‌ಶಾಹಿ ಸೀಮೆ ಸೇರಿದರು. ಫಿಚ್ ಮೊದಲು ಹೆಸರಿಸುವ ಪೇಟೆಗಳಲ್ಲೊಂದು ವಜ್ರ, ಮಾಣಿಕ್ಯ, ನೀಲಗಳ ಸಂತೆ ನಡೆಯುತ್ತಿದ್ದ ಊರು. ಅದು ನಮ್ಮ ಬೆಳಗಾವಿಯೆಂದು ವಿದ್ವಾಂಸರ ಅಭಿಪ್ರಾಯ. ಅಲ್ಲಿಂದ ಅವರು ಹೋದದ್ದು ಬಿಜಾಪುರಕ್ಕೆ, ಇಂದಿನ ವಿಜಯಪುರಕ್ಕೆ. ಆಗ ಅಲ್ಲಿ ಪಟ್ಟದಲ್ಲಿದ್ದವನು ಹುಡುಗನಾಗಿದ್ದ ಎರಡನೆಯ ಇಬ್ರಾಹಿಂ ಆದಿಲ್‌ಶಾ. ಒಂದೇ ತಿಂಗಳಲ್ಲಿ ಒಂದೇ ದೇಶದ ಜನ ಒಂದು ಕಡೆ ಕ್ಯಾರೊಲೈನಾದತ್ತ, ಇನ್ನೊಂದು ಕಡೆ ಬೆಳಗಾವಿಯತ್ತ! ಈ ಎರಡು ಕಥೆಗಳನ್ನೂ ರಿಚರ್ಡ್ ಹ್ಯಾಕ್ಲೂಟ್ ಎಂಬ ಪಾದ್ರಿ 1600ರ ಹೊತ್ತಿಗೆ ಪೂರ್ಣಗೊಂಡ ತನ್ನ ಯಾತ್ರಾ ಸಂಪುಟಗಳಲ್ಲಿ ಅಚ್ಚು ಹಾಕಿಸಿದ.

ಅಮಡಾಸ್ ಮತ್ತು ಬಾರ್ಲೊ ಜುಲೈನಲ್ಲಿ ಈ ತೀರ ಮುಟ್ಟಿದರು. ಇಲ್ಲಿನ ಆಲ್ಗಾಂಕ್ವಿಯನ್ ಜನರು ಅವರನ್ನು ಆದರಿಸಿ, ಕಾಲು ತೊಳೆದು ಉಪಚರಿಸಿ, ಮೀನು, ಜಿಂಕೆಮಾಂಸ, ಮೆಕ್ಕೆಜೋಳ ಕೊಟ್ಟು ಕಳುಹಿಸಿದರು. ಹಿಂದಿರುಗುವಾಗ ಮ್ಯಾಂಟಿಯೋ ಮತ್ತು ವಾಂಚೀಸ್ ಎಂಬ ಇಬ್ಬರು ಸ್ಥಳೀಯರೂ ಜೊತೆಗೆ ಲಂಡನ್ನಿಗೆ ಹೋದರು. ಅಲ್ಲಿ ರ್‍ಯಾಲಿಯ ಮನೆಯಲ್ಲಿ ಅವರೊಂದಿಗೆ ಕುಳಿತು ಅವರ ಭಾಷೆ ಕಲಿತವನು ಥಾಮಸ್ ಹ್ಯಾರಿಯಟ್ ಎಂಬ ಯುವ ಗಣಿತಜ್ಞ. ಇಂಗ್ಲಿಷಿನ ಕಾಗುಣಿತದಿಂದ ಆ ಭಾಷೆಯ ಉಚ್ಚಾರ ಹಿಡಿಯುವುದು ಆಗದ ಮಾತೆಂದು ಬೇಗ ಕಂಡುಕೊಂಡು, ಒಂದೊಂದು ಧ್ವನಿಗೆ ಒಂದೊಂದು ಚಿಹ್ನೆಯಿರುವ ಹೊಸ ಲಿಪಿಯನ್ನೇ ಕಟ್ಟಿದ. ಅ ಆ ಇ ಈ ಕಲಿತು ಬೆಳೆದ ನಮಗೆ ಇದರಲ್ಲಿ ಸೋಜಿಗವೇನೂ ಕಾಣದು. ಇಂಗ್ಲಿಷಿನವನೊಬ್ಬನಿಗೆ ಅದು ಹೊಳೆದದ್ದು ದೊಡ್ಡದು. ಲಿಪಿಯ ಹಾಳೆ ಉಳಿದಿದೆ. ಅದರಲ್ಲಿ ಬರೆದ ನಿಘಂಟು ಉಳಿಯಲಿಲ್ಲ.

ಮರುವರ್ಷ, 1585ರಲ್ಲಿ, ಬಂದದ್ದು ದಂಡು. ರಿಚರ್ಡ್ ಗ್ರೆನ್‌ವಿಲ್ ಏಳು ಹಡಗುಗಳೊಂದಿಗೆ ಬಂದ. ಮುಖ್ಯ ಹಡಗಾದ 'ಟೈಗರ್' ಮರಳದಂಡೆಗೆ ತಾಗಿ ಉಪ್ಪುನೀರು ನುಗ್ಗಿ, ತಂದ ಆಹಾರದ ಬಹುಭಾಗ ಹಾಳಾಯಿತು. ಮುಂದಿನ ಅನರ್ಥಕ್ಕೆಲ್ಲ ಇದೇ ಬುನಾದಿ ಎನ್ನಬಹುದು. ಕೆಲವೇ ದಿನಗಳಲ್ಲಿ ಒಂದು ಬೆಳ್ಳಿಯ ಬಟ್ಟಲು ಕಾಣೆಯಾಯಿತು. ಅಕ್ವಾಸ್ಕೊಗಾಕ್ ಎಂಬ ಹಳ್ಳಿಯವರು ಅದನ್ನು ಕದ್ದರೆಂದು ಹೇಳಿ ಇಂಗ್ಲೀಷರು ಇಡೀ ಹಳ್ಳಿಗೆ ಬೆಂಕಿಯಿಟ್ಟು, ಹೊಲದ ಬೆಳೆ ನಾಶ ಮಾಡಿದರು. ಒಂದು ಬಟ್ಟಲಿಗೆ ಒಂದು ಊರು!

ರಾಲ್ಫ್ ಲೇನ್ ಎಂಬ ಸೈನಿಕನ ಕೈಕೆಳಗೆ ನೂರಕ್ಕೂ ಮಿಕ್ಕು ಗಂಡಸರು ರೋನೋಕಿನಲ್ಲಿ ಉಳಿದರು. ಬೇಸಾಯ ಮಾಡುವವರಲ್ಲ, ಚಿನ್ನ ಹುಡುಕಲು ಬಂದವರು. ಊಟಕ್ಕೆ ಅಲ್ಲಿನ ಮುಖಂಡ ವಿಂಗಿನನ ಜನರನ್ನೇ ನೆಚ್ಚಿದರು. ಅತಿಥಿ ಎಷ್ಟು ದಿನ? ಜೊತೆಗೆ ಹೊಸ ರೋಗವೊಂದು ಬಂದಿತ್ತು. ಇಂಗ್ಲೀಷರು ಬಂದು ಹೋದ ಹಳ್ಳಿಗಳಲ್ಲಿ ಕೆಲವೇ ದಿನಗಳಲ್ಲಿ ಜನ ಸಾಲುಸಾಲಾಗಿ ಸಾಯುತ್ತಿದ್ದರು. ಕಣ್ಣಿಗೆ ಕಾಣದ ಗುಂಡುಗಳನ್ನು ಇವರು ದೂರದಿಂದಲೇ ಹೊಡೆಯುತ್ತಾರೆಂದು ಅಲ್ಲಿನವರಲ್ಲಿ ಕೆಲವರು ನಂಬಿದ್ದರೆಂದು ಹ್ಯಾರಿಯಟ್ ಬರೆದಿದ್ದಾನೆ. ಕೊನೆಗೆ 1586ರ ಜೂನ್ 1ರಂದು ಲೇನನ ಜನರು ವಿಂಗಿನನ ಊರಿನ ಮೇಲೆ ಬಿದ್ದು ಅವನ ತಲೆ ಕಡಿದರು. ಅದಾದ ಕೆಲವೇ ದಿನಗಳಲ್ಲಿ ಫ್ರಾನ್ಸಿಸ್ ಡ್ರೇಕನ ಹಡಗುಗಳು ಬಂದವು, ಬಿರುಗಾಳಿಯೂ ಬಂತು. ಲೇನ್ ತನ್ನವರನ್ನೆಲ್ಲ ಹಡಗು ಹತ್ತಿಸಿ ಇಂಗ್ಲೆಂಡಿಗೆ ಮರಳಿದ.

ಈ ಒಂದು ವರ್ಷದ ಒಳ್ಳೆಯ ಫಲವೆಂದರೆ ಜಾನ್ ವೈಟ್ ಎಂಬ ಕಲಾವಿದ ಬಿಡಿಸಿದ ಜಲವರ್ಣ ಚಿತ್ರಗಳು. ಅವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಪುಸ್ತಕಗಳಲ್ಲಿ ನಾವೆಲ್ಲ ನೋಡಿದೆವು. ಚಾಪೆ ಹೊದಿಸಿದ ಮನೆಗಳು, ಮೂರು ಹಂತಗಳಲ್ಲಿ ಬೆಳೆದು ನಿಂತ ಮೆಕ್ಕೆಜೋಳದ ಹೊಲ, ದೋಣಿಯಲ್ಲಿ ಬೆಂಕಿಯಿಟ್ಟುಕೊಂಡು ಮೀನು ಹಿಡಿಯುವವರು, ಚಾಪೆಯ ಮೇಲೆ ಎದುರುಬದುರು ಕುಳಿತು ಒಂದೇ ತಟ್ಟೆಯಲ್ಲಿ ಉಣ್ಣುವ ಗಂಡಹೆಂಡತಿ. ಒಂದು ಚಿತ್ರದಲ್ಲಿ ಪೊಮೈಯೊಕ್ ಎಂಬ ಊರಿನ ಮುಖಂಡನ ಹೆಂಡತಿ, ಪಕ್ಕದಲ್ಲಿ ಎಂಟು ಹತ್ತು ವರ್ಷದ ಮಗಳು. ಹುಡುಗಿಯ ಕೈಯಲ್ಲಿ ಇಂಗ್ಲೆಂಡಿನಿಂದ ಬಂದ ಒಂದು ಬೊಂಬೆ, ಲಂಡನ್ನಿನ ಉಡುಪು ತೊಟ್ಟದ್ದು. ನಮ್ಮ ಹುಡುಗಿಯರು ಈ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆ ಮಗುವಿನ ಊರಿಗೂ ರೋಗ ಬಂತೇ ಎಂದು ಕೇಳಿದರು.

ಅದೇ ಜಾನ್ ವೈಟ್ 1587ರಲ್ಲಿ ಗವರ್ನರನಾಗಿ ಮರಳಿ ಬಂದ. ಈ ಸಲ ಸಿಪಾಯಿಗಳಲ್ಲ, ಸಂಸಾರವಂದಿಗರು. ವೈಟನ ಪಟ್ಟಿಯಲ್ಲಿ 91 ಗಂಡಸರು, 17 ಹೆಂಗಸರು, 9 ಮಕ್ಕಳು. ತಲೆಗೆ ಐನೂರು ಎಕರೆ ಭೂಮಿಯ ಭರವಸೆ. ಲಂಡನ್ನಿನ ಕೈಕಸುಬಿನವರಿಗೆ ಅದು ಕನಸಿನಲ್ಲೂ ಸಿಗುವ ಮಾತಲ್ಲ. ಬಂದವರಲ್ಲಿ ವೈಟನ ಬಸುರಿ ಮಗಳು ಎಲಿನಾರ್, ಅಳಿಯ ಅನನಾಯಸ್ ಡೇರ್ ಇದ್ದರು. ನಮ್ಮಲ್ಲಿ ಏಳು ತಿಂಗಳ ಬಸುರಿಯಾಗಿ ಈ ದೇಶಕ್ಕೆ ವಿಮಾನವಿಳಿದವರು ಒಬ್ಬಿಬ್ಬರಿದ್ದಾರೆ. ಎಲಿನಾರಳ ಹೆಸರು ಬಂದಾಗಲೆಲ್ಲ ಅವರು ಮಾತು ನಿಲ್ಲಿಸಿ ಕೇಳುತ್ತಿದ್ದರು.

ಅವರು ಹೋಗಬೇಕಿದ್ದುದು ಉತ್ತರದ ಚೆಸಪೀಕ್ ಕೊಲ್ಲಿಗೆ. ಆದರೆ ನಾವಿಕ ಸೈಮನ್ ಫರ್ನಾಂಡಿಸ್ ರೋನೋಕಿನಲ್ಲೇ ಇಳಿಯಿರಿ ಎಂದು ಹಟ ಹಿಡಿದ. ವಿಂಗಿನನ ರಕ್ತ ಇನ್ನೂ ಆರದ ನೆಲ ಅದು. ಬಂದು ಒಂದು ವಾರವಾಗುವಷ್ಟರಲ್ಲಿ ಜಾರ್ಜ್ ಹೌ ಎಂಬಾತ ಒಬ್ಬನೇ ಏಡಿ ಹಿಡಿಯಲು ಹೋಗಿ ಹತನಾದ. ಸೇಡು ತೀರಿಸಲು ಕತ್ತಲಲ್ಲಿ ದಾಳಿಯಿಟ್ಟ ವಸಾಹತಿನವರು ಕೊಂದದ್ದು ಶತ್ರುಗಳನ್ನಲ್ಲ, ತಪ್ಪಾಗಿ ಮ್ಯಾಂಟಿಯೋನ ಸ್ವಂತ ಜನರಾದ, ತಮಗೆ ಸ್ನೇಹಿತರಾದ ಕ್ರೊಅಟೋಆನರ ಮೇಲೆ ಬಿದ್ದಿದ್ದರು. ನಾಲ್ಕು ದಿನಗಳ ನಂತರ, ಆಗಸ್ಟ್ 13ರಂದು, ಅದೇ ಮ್ಯಾಂಟಿಯೋಗೆ ದೀಕ್ಷಾಸ್ನಾನ ಮಾಡಿಸಿ ರೋನೋಕಿನ ಒಡೆಯನೆಂಬ ಬಿರುದು ಕೊಟ್ಟರು. ಅವನ ಮನಸ್ಸಿನಲ್ಲಿ ಏನಿತ್ತೋ! ಲಂಡನ್ನಿಗೆ ಜೊತೆಯಲ್ಲೇ ಹೋಗಿಬಂದ ವಾಂಚೀಸ್ ಊರು ಮುಟ್ಟುತ್ತಲೇ ಇವರ ಸಹವಾಸ ಬಿಟ್ಟಿದ್ದ. ಮ್ಯಾಂಟಿಯೋ ಕೊನೆಯವರೆಗೂ ಬಿಡಲಿಲ್ಲ. ಇವತ್ತು ದ್ವೀಪದಲ್ಲಿ ಎರಡು ಊರುಗಳಿವೆ. ಒಂದರ ಹೆಸರು ಮ್ಯಾಂಟಿಯೋ, ಇನ್ನೊಂದು ವಾಂಚೀಸ್.

ಆಗಸ್ಟ್ 18ರಂದು ಎಲಿನಾರ್ ಹೆಣ್ಣು ಹೆತ್ತಳು. ಅಮೆರಿಕದಲ್ಲಿ ಹುಟ್ಟಿದ ಮೊದಲ ಇಂಗ್ಲಿಷ್ ಮಗು. ವರ್ಜೀನಿಯಾ ಎಂದು ಹೆಸರಿಟ್ಟರು. ಒಂಬತ್ತು ದಿನಗಳ ಮೊಮ್ಮಗಳನ್ನು ಬಿಟ್ಟು ವೈಟ್ ಇಂಗ್ಲೆಂಡಿಗೆ ಹೊರಡಬೇಕಾಯಿತು. ದಿನಸಿ ಸಾಲದು, ನೀವೇ ಹೋಗಿ ತನ್ನಿ ಎಂದು ಜನ ಒತ್ತಾಯ ಮಾಡಿದರು. ಅವನಿಗೆ ಮನಸ್ಸಿರಲಿಲ್ಲ, ತಾನಿಲ್ಲದಾಗ ತನ್ನ ಸಾಮಾನುಗಳು ಹಾಳಾದಾವೆಂಬ ಚಿಂತೆಯೂ ಇತ್ತು. ಹೊರಡುವ ಮುನ್ನ ಒಂದು ಒಪ್ಪಂದವಾಯಿತು. ವಸಾಹತಿನವರು ಬೇರೆಡೆಗೆ ಹೋಗುವುದಾದರೆ ಆ ಜಾಗದ ಹೆಸರನ್ನು ಮರದ ಮೇಲೆ ಕೆತ್ತಬೇಕು. ಅಪಾಯದಲ್ಲಿ ಹೋಗುವುದಾದರೆ ಹೆಸರಿನ ಮೇಲೆ ಶಿಲುಬೆಯ ಗುರುತು ಹಾಕಬೇಕು.

ಬೇಗ ಬರುತ್ತೇನೆಂದು ಹೋದವನು ಬಂದದ್ದು ಮೂರು ವರ್ಷದ ಮೇಲೆ. 1588ರಲ್ಲಿ ಸ್ಪೇನಿನ ಆರ್ಮಡಾ ಇಂಗ್ಲೆಂಡಿನ ಮೇಲೇರಿ ಬಂತು. ದೊಡ್ಡ ಹಡಗುಗಳು ಬಂದರು ಬಿಡುವ ಹಾಗಿರಲಿಲ್ಲ. ಎರಡು ಸಣ್ಣ ಹಡಗುಗಳಲ್ಲಿ ಹೊರಟ ವೈಟನನ್ನು ದಾರಿಯಲ್ಲಿ ಫ್ರೆಂಚರು ದೋಚಿದರು, ಗಾಯಗೊಂಡು ಹಿಂದಿರುಗಿದ. ಕೊನೆಗೆ 1590ರಲ್ಲಿ ಸ್ಪೇನಿನ ಹಡಗುಗಳ ಲೂಟಿಗೆ ಹೊರಟವರ ಜೊತೆ ಜಾಗ ಗಿಟ್ಟಿಸಿ ಬಂದ. ದಡಕ್ಕೆ ಬರುವಾಗ ದೋಣಿ ಮಗುಚಿ ಏಳು ಮಂದಿ ಮುಳುಗಿದರು. ರಾತ್ರಿ ದ್ವೀಪದಲ್ಲಿ ಬೆಂಕಿ ಕಾಣಿಸಿತು. ದೋಣಿಯಲ್ಲೇ ನಿಂತು ಕಹಳೆ ಊದಿದರು. ತಮ್ಮ ಊರಿನ ಹಾಡುಗಳನ್ನು ಒಂದಾದ ಮೇಲೊಂದು ಹಾಡಿದರು, ಒಳಗಿರುವವರು ಕೇಳಿ ಗುರುತು ಹಿಡಿಯಲಿ ಎಂದು. ಉತ್ತರ ಬರಲಿಲ್ಲ. ಬೆಳಗಾದ ಮೇಲೆ ನೋಡಿದರೆ ಅದು ಹುಲ್ಲಿಗೆ ಹತ್ತಿದ್ದ ಬೆಂಕಿ. ದಿನಾಂಕ ಆಗಸ್ಟ್ 18. ಮೊಮ್ಮಗಳಿಗೆ ಮೂರು ತುಂಬಿದ ದಿನ.

ಮನೆಗಳನ್ನು ಬಿಚ್ಚಿ ಒಯ್ದಿದ್ದರು. ಸುತ್ತಲಿನ ಮರದ ಬೇಲಿಯ ಒಂದು ಕಂಬದ ಮೇಲೆ ದೊಡ್ಡಕ್ಷರಗಳಲ್ಲಿ 'ಕ್ರೊಅಟೋಆನ್' ಎಂದು ಕೆತ್ತಿತ್ತು. ಇನ್ನೊಂದು ಮರದ ಮೇಲೆ ಆ ಹೆಸರಿನ ಮೊದಲ ಮೂರು ಅಕ್ಷರಗಳು. ಶಿಲುಬೆ ಎಲ್ಲೂ ಇರಲಿಲ್ಲ. ವೈಟ್ ಹೂತಿಟ್ಟು ಹೋಗಿದ್ದ ಪೆಟ್ಟಿಗೆಗಳನ್ನು ಯಾರೋ ಅಗೆದು ತೆಗೆದಿದ್ದರು. ಪುಸ್ತಕಗಳ ರಟ್ಟು ಕಿತ್ತುಹೋಗಿ, ಚಿತ್ರ ನಕ್ಷೆಗಳು ಮಳೆಯಲ್ಲಿ ಕೊಳೆತು, ಕವಚ ತುಕ್ಕು ಹಿಡಿದಿತ್ತು. ಆದರೂ ಅವನಿಗೆ ಸಂತೋಷವೇ ಆಯಿತು. ಕ್ರೊಅಟೋಆನ್ ಎಂದರೆ ಮ್ಯಾಂಟಿಯೋನ ತವರು, ದಕ್ಷಿಣಕ್ಕಿರುವ ಇಂದಿನ ಹ್ಯಾಟೆರಸ್ ದ್ವೀಪ. ಮರುದಿನ ಅಲ್ಲಿಗೆ ಹೊರಡುವುದೆಂದು ನಿಶ್ಚಯವಾಯಿತು. ಆದರೆ ಗಾಳಿ ಎದ್ದು, ಲಂಗರುಗಳು ಕಳೆದುಹೋಗಿ, ಕುಡಿಯುವ ನೀರು ಮುಗಿಯುತ್ತ ಬಂದು, ಹಡಗು ತೆರೆದ ಸಮುದ್ರಕ್ಕೆ ಹೋಯಿತು. ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಪ್ಲಿಮತ್ ಮುಟ್ಟಿತು. ವೈಟ್ 1593ರಲ್ಲಿ ಐರ್ಲೆಂಡಿನಿಂದ ಹ್ಯಾಕ್ಲೂಟನಿಗೆ ಪತ್ರ ಬರೆದು, ತನ್ನವರನ್ನು ದೇವರ ಕೈಗೊಪ್ಪಿಸಿದ. ಐವತ್ತು ಮೈಲಿಯಷ್ಟು ದೂರ ಹೋಗಿ ನೋಡುವುದು ಅವನಿಂದ ಆಗಲೇ ಇಲ್ಲ.

ಹಾಗಾದರೆ ಆ ಜನ ಏನಾದರು? ಸೈಪ್ರೆಸ್ ಮರಗಳ ಉಂಗುರಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 1998ರಲ್ಲಿ ಹೇಳಿದ ಪ್ರಕಾರ, 1587ರಿಂದ 1589ರವರೆಗಿನ ಮೂರು ವರ್ಷಗಳ ಬರ ಆ ಪ್ರದೇಶದಲ್ಲಿ ಎಂಟುನೂರು ವರ್ಷಗಳಲ್ಲೇ ಕಡುತರವಾದದ್ದು. ಬರಗಾಲದಲ್ಲಿ ನೂರು ಬಾಯಿಗಳಿಗೆ ಒಂದೇ ಊರು ಅನ್ನ ಕೊಡಲಾರದು. ಗುಂಪು ಒಡೆದು ಒಬ್ಬೊಬ್ಬರು ಒಂದೊಂದು ಕಡೆ ಹೋಗಿರುವುದೇ ಸಹಜವೆಂದು ನಮಗೆ ತೋರುತ್ತದೆ. 2012ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನವರು ವೈಟ್ ಬರೆದ ನಕ್ಷೆಯೊಂದಕ್ಕೆ ಅಂಟಿಸಿದ್ದ ಕಾಗದದ ತೇಪೆಯ ಕೆಳಗೆ ಬೆಳಕು ಹಾಯಿಸಿದಾಗ, ಒಳನಾಡಿನಲ್ಲಿ ಒಂದು ಕೋಟೆಯ ಗುರುತು ಕಂಡಿತು. ಆ ಕಡೆ ಅಗೆದಾಗ ಇಂಗ್ಲಿಷ್ ಮಡಕೆಯ ಚೂರುಗಳು ಸಿಕ್ಕಿವೆ. ಹ್ಯಾಟೆರಸ್‌ನ ಹಳೆಯ ವಾಸಸ್ಥಳಗಳಲ್ಲೂ ಇಂಗ್ಲಿಷ್ ವಸ್ತುಗಳು ಸಿಕ್ಕಿವೆ. ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಪೊವ್ಹಾಟನ್ ಎಂಬ ಅರಸ ಅವರನ್ನು ಕೊಲ್ಲಿಸಿದನೆಂಬ ಮಾತು ಮುಂದೆ ಜೇಮ್ಸ್‌ಟೌನಿನವರ ಕಿವಿಗೆ ಬಿದ್ದಿತ್ತು.

ಆದರೆ ಜಾನ್ ಲಾಸನ್ ಎಂಬ ಸರ್ವೇಯರ್ 1709ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಸಂಗತಿಯಿದೆ. ಹ್ಯಾಟೆರಸ್ ದ್ವೀಪದ ಜನ ಅವನಿಗೆ, ತಮ್ಮ ಹಿರಿಯರಲ್ಲಿ ಕೆಲವರು ಬಿಳಿಯರಾಗಿದ್ದರು, ಪುಸ್ತಕ ಓದಬಲ್ಲವರಾಗಿದ್ದರು ಎಂದು ಹೇಳಿದರು. ಅವರಲ್ಲಿ ಬೂದುಗಣ್ಣಿನವರನ್ನು ಅವನೇ ಕಂಡ. ನೂರಿಪ್ಪತ್ತು ವರ್ಷಗಳ ಮೇಲೆ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಉಳಿದಿದ್ದುದು ಅಜ್ಜ ಪುಸ್ತಕ ಓದುತ್ತಿದ್ದ ಎಂಬ ನೆನಪು. ಯಾವ ಪುಸ್ತಕ, ಯಾವ ಭಾಷೆ ಎಂಬುದಲ್ಲ.

ಇದನ್ನು ಓದಿದ ರಾತ್ರಿ ನಮ್ಮ ಮಾತು ಎಲ್ಲಿಗೆ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ. ನಮ್ಮ ಕಪಾಟುಗಳಲ್ಲಿ ಕಾರಂತರಿದ್ದಾರೆ, ಕುವೆಂಪು ಇದ್ದಾರೆ. ತೆಗೆದು ಓದುವ ಮಕ್ಕಳು ಎಷ್ಟು ಮನೆಯಲ್ಲಿದ್ದಾರೆ? ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಎಳೆದುಕೊಂಡು ಹೋಗುವವರು ಎಲಿನಾರಳ ಪರ ನಿಂತರು. ಅವಳು ಮಗಳಿಗೆ ಇಂಗ್ಲಿಷ್ ಹಾಡು ಹೇಳಿಕೊಟ್ಟಿರಲೇಬೇಕು ಎಂದರು. ಹೈಸ್ಕೂಲಿನ ಹುಡುಗನೊಬ್ಬ, 'ಅವರು ಕಳೆದುಹೋಗಲಿಲ್ಲ, ಊಟ ಹಾಕಿದವರ ಮನೆಯವರಾದರು, ಅಷ್ಟೇ' ಎಂದ. ಇನ್ನೊಬ್ಬರು, ಹೋಲಿಕೆಯೇ ಸರಿಯಲ್ಲ ಎಂದು ಗದರಿದರು. ನಾವು ಬಂದದ್ದು ಎರಡು ಸೂಟ್‌ಕೇಸು ಮತ್ತು ಒಂದು ವೀಸಾ ಹಿಡಿದು, ಅವರು ಬಂದದ್ದು ಕೋವಿ ಹಿಡಿದು. ಅದೂ ನಿಜ. ನಿಜವಾಗಿ ಕಳೆದುಹೋದದ್ದು ಮ್ಯಾಂಟಿಯೋನ ಭಾಷೆ. ಅದನ್ನು ಆಡುವವರು ಇಂದು ಯಾರೂ ಇಲ್ಲ. ಅದರ ನೆಂಟನಾದ ವರ್ಜೀನಿಯಾದ ನುಡಿಯಿಂದ ರಕೂನ್, ಒಪಾಸಮ್, ಮೊಕ್ಯಾಸಿನ್‌ನಂಥ ಕೆಲವು ಮಾತುಗಳು ಇಂಗ್ಲಿಷಿಗೆ ಬಂದು ಉಳಿದವು. ವರ್ಜೀನಿಯಾ ಡೇರ್ ಹೆಸರಾದರೋ ಮದ್ಯದ ಸೀಸೆಯ ಮೇಲೂ ವೆನಿಲ್ಲಾ ಸೀಸೆಯ ಮೇಲೂ ಬಂತು.

ಇಂಗ್ಲೀಷರು ಬಿಡಲಿಲ್ಲ. 1606ರಲ್ಲಿ ವರ್ಜೀನಿಯಾ ಕಂಪೆನಿ ಹುಟ್ಟಿತು. ಕ್ರಿಸ್ಟೋಫರ್ ನ್ಯೂಪೋರ್ಟನ ಮೂರು ಹಡಗುಗಳು 1607ರ ಮೇ ತಿಂಗಳಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ಜೇಮ್ಸ್‌ಟೌನಿನಲ್ಲಿ ಇಳಿಸಿದವು. ಅಲ್ಲೂ ಬರ, ಅಲ್ಲೂ ಹಸಿವು. 1609-10ರ ಚಳಿಗಾಲದಲ್ಲಿ ಸುಮಾರು 300 ಮಂದಿಯಲ್ಲಿ ಉಳಿದವರು 60. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಎಲುಬುಗಳ ಮೇಲಿದ್ದ ಕತ್ತಿಯ ಗುರುತುಗಳಿಂದ, ಸತ್ತವರನ್ನು ತಿಂದು ಬದುಕಿದರೆಂಬುದು 2013ರಲ್ಲಿ ಖಚಿತವಾಯಿತು. ವಸಾಹತನ್ನು ಉಳಿಸಿದ್ದು ಹೊಗೆಸೊಪ್ಪು. ಜಾನ್ ರಾಲ್ಫ್ ಅದನ್ನು ಅಲ್ಲಿ ಬೆಳೆಯತೊಡಗುವ ಮೊದಲೇ ಪೋರ್ಚುಗೀಸರ ಮೂಲಕ ಅಮೆರಿಕದ ಹೊಗೆಸೊಪ್ಪು ನಮ್ಮ ಬಿಜಾಪುರ ಮುಟ್ಟಿತ್ತು. ಸುಮಾರು 1604ರಲ್ಲಿ ಅಸದ್ ಬೇಗ್ ಎಂಬ ರಾಯಭಾರಿ ಅಲ್ಲಿಂದಲೇ ಅದನ್ನು ಅಕ್ಬರನ ದರ್ಬಾರಿಗೆ ಒಯ್ದ.

ಕಂಪೆನಿಗಳ ನಂಟನ್ನೂ ಗಮನಿಸಬೇಕು. ಈಸ್ಟ್ ಇಂಡಿಯಾ ಕಂಪೆನಿಯ ಮೊದಲ ಗವರ್ನರ್ ಥಾಮಸ್ ಸ್ಮಿತ್ ವರ್ಜೀನಿಯಾ ಕಂಪೆನಿಯ ಖಜಾಂಚಿಯೂ ಆಗಿದ್ದ. ನ್ಯೂಪೋರ್ಟ್ ಮುಂದೆ ಪೂರ್ವದ ಕಂಪೆನಿಗೆ ಸೇರಿ, ಜಹಾಂಗೀರನ ಬಳಿಗೆ ಹೊರಟ ಸರ್ ಥಾಮಸ್ ರೋನನ್ನು 1615ರಲ್ಲಿ ಸೂರತ್ತಿಗೆ ಮುಟ್ಟಿಸಿ, 1617ರಲ್ಲಿ ಜಾವಾದ ಬಾಂಟಮ್‌ನಲ್ಲಿ ತೀರಿಕೊಂಡ. ಆ ಎರಡು ಕಂಪೆನಿಗಳ ನಡುವಿನ ಹಾದಿಯಲ್ಲಿ ನಮ್ಮ ಕಡೆಯವರೂ ಬಂದರು. ವರ್ಜೀನಿಯಾದಲ್ಲಿ ಹೊಸಬನೊಬ್ಬನನ್ನು ತಂದವನಿಗೆ ತಲೆಗೆ ಐವತ್ತು ಎಕರೆ ಸಿಗುತ್ತಿತ್ತು. 1635ರಲ್ಲಿ ಜಾರ್ಜ್ ಮೆನೆಫಿ ಎಂಬ ಜಮೀನುದಾರ ಹಾಗೆ ಕೊಟ್ಟ ಪಟ್ಟಿಯಲ್ಲಿ ಟೋನಿ ಎಂಬ ಹೆಸರಿದೆ. ಪಕ್ಕದಲ್ಲಿ ಈಸ್ಟ್ ಇಂಡಿಯನ್ ಎಂದು ಬರೆದಿದೆ. ಈ ನೆಲದ ದಾಖಲೆಯಲ್ಲಿ ಸಿಗುವ ಮೊದಲ ಭಾರತೀಯರಲ್ಲಿ ಅವನೊಬ್ಬ. ತಾಯಿತಂದೆ ಇಟ್ಟ ಹೆಸರಲ್ಲ ಅದು. ಅವನಿಂದ ಮೆನೆಫಿಗೆ ಐವತ್ತು ಎಕರೆ ದಕ್ಕಿತು.

ಮುಂದಿನ ಬೇಸಿಗೆಯಲ್ಲಿ ಅತ್ತ ಹೋಗುವವರು ಸೊಳ್ಳೆಯ ಔಷಧಿ ಮರೆಯದಿರಿ. ರೋನೋಕಿನ ಬಯಲು ರಂಗಮಂದಿರದಲ್ಲಿ 1937ರಿಂದ ಈ ಕಥೆಯನ್ನೇ ನಾಟಕವಾಗಿ ಆಡುತ್ತಾರೆ. ಕತ್ತಲಾದ ಮೇಲೆ ಶುರು, ಸಣ್ಣ ಮಕ್ಕಳು ಮಲಗಿಬಿಡುತ್ತಾರೆ. ಹ್ಯಾಟೆರಸ್‌ಗೆ ಹೋಗಲು ಒಂದು ಇಡೀ ದಿನ ಇಟ್ಟುಕೊಳ್ಳಿ. ಕಿಲ್ ಡೆವಿಲ್ ಹಿಲ್ಸ್‌ನಲ್ಲಿ ಎರಡು ದೊಡ್ಡ ರಸ್ತೆಗಳು ಪಕ್ಕಪಕ್ಕದಲ್ಲೇ ಹೋಗುತ್ತವೆ. ಸಮುದ್ರದ ಬದಿಯದು ವರ್ಜೀನಿಯಾ ಡೇರ್ ಹೆಸರಿನದು, ಒಳಗಿನದು ಕ್ರೊಅಟೋಆನ್ ಹೆಸರಿನದು. ನಾವು ಪ್ರತಿ ವರ್ಷ ದಿನಸಿ ಅಂಗಡಿ ಹುಡುಕುತ್ತ ಆ ಎರಡು ಫಲಕಗಳ ಕೆಳಗೆ ಓಡಾಡುತ್ತಿದ್ದೆವು.